ಮೊದಲ ನೀರು

ಕಿಟಕಿಯಾಚೆ ಬೆಳಕು ಮಂಕಾದಾಗ ಅವಳಿಗೆ ಮೊದಲು ನೆನಪಾದದ್ದು ಬಾಟಲಿಗಳು. ಗಂಡ ನೆನಪಾದದ್ದು ಆಮೇಲೆ. ಬಾಟಲಿಗಳು ಮೊದಲು, ಅವನು ಆಮೇಲೆ ಎಂಬುದು ಅರಿವಿಗೆ ಬಂದಾಗ ಲೋಟ ಹಿಡಿದ ಕೈ ಒಂದು ಗಳಿಗೆ ನಿಂತಿತು. ಎದುರಿಗೆ ಕೂತಿದ್ದ ಅತ್ತೆ ಅದನ್ನು ಗಮನಿಸಲಿಲ್ಲ. ಅವರು ಉಣ್ಣುತ್ತಿದ್ದರು. ಅವರು ಹೀಗೆ ತಟ್ಟೆಯ ಮೇಲೆ ಕಣ್ಣಿಟ್ಟು, ಹಸಿವಿದ್ದವರ ಹಾಗೆ ಉಣ್ಣತೊಡಗಿ ಕೆಲವು ತಿಂಗಳಾಗಿತ್ತು. ಅದಕ್ಕೂ ಮೊದಲು ತುತ್ತನ್ನು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆತು ಗೋಡೆ ನೋಡುತ್ತಿದ್ದರು. ಅವಳು ಎದ್ದುಹೋಗಿ ಗಲ್ಲ ಮುಟ್ಟಿ, "ನುಂಗಿ ಅತ್ತೆ" ಅನ್ನಬೇಕಾಗುತ್ತಿತ್ತು.

"ಮೋಡ ಕಟ್ಟಿದೆ ಕಣೇ," ಅಂದರು ಅತ್ತೆ. "ಇವತ್ತಾದ್ರೂ ಸುರಿಯತ್ತಾ, ಇಲ್ಲ ಮೊನ್ನೆ ಥರ ಮುಖ ತೋರಿಸಿ ಹೋಗತ್ತಾ?"

"ಬರತ್ತೆ ಅನ್ಸತ್ತೆ."

"ಬರಲಿ. ಆ ಗ್ಯಾರೇಜಿನವನ ಬಣ್ಣ ಬಯಲಾಗಲಿ. ನೀರು ಸುಳ್ಳು ಹೇಳಲ್ಲ ಅಂತ ನೀನೇ ಹೇಳಿದ್ದೆಯಲ್ಲ."

ಹೇಳಿದ್ದಳು. ಇದೇ ಮೇಜಿನ ಮುಂದೆ, ಅತ್ತೆಯ ಬಾಯಲ್ಲಿ ತುತ್ತು ಕರಗದೆ ಕೂತಿದ್ದ ಒಂದು ಸಂಜೆ. ಏನಾದರೂ ಹೇಳಬೇಕಿತ್ತು, ಹೇಳಲು ಬೇರೇನೂ ಇರಲಿಲ್ಲ. ಅವನು ತೀರಿಕೊಂಡ ದಿನ ತಾನು ಹಿಡಿದ ನೀರಿನಲ್ಲಿ ಎಣ್ಣೆಯ ಪ್ರಮಾಣ ಯಾವತ್ತೂ ಇಲ್ಲದಷ್ಟು ಬಂದಿದೆಯಂತೆ, ಅವನು ಬಿದ್ದ ತಿರುವಿನ ಮೇಲ್ಗಡೆ ಇರುವ ಗ್ಯಾರೇಜಿಗೆ ನೋಟಿಸ್ ಹೋಗಿದೆಯಂತೆ ಎಂದಿದ್ದಳು. ಅಷ್ಟೇ. ಅತ್ತೆ ತಿರುಗಿ ನೋಡಿದ್ದರು. ತುತ್ತು ನುಂಗಿದ್ದರು. "ಹಾಗಾದ್ರೆ ನನ್ನ ಮಗ ಜಾರಿದ್ದು ಅವನ ಎಣ್ಣೆ ಮೇಲೆ," ಅಂದಿದ್ದರು. ಆಮೇಲೆ ಎದ್ದು ಹೋಗಿ, ಆಸ್ಪತ್ರೆಯವರು ಚೀಲದಲ್ಲಿ ಹಾಕಿ ಕೊಟ್ಟಿದ್ದ ಅವನ ಅಂಗಿಯನ್ನು ತಂದು, ಅದರ ಮೇಲಿನ ಕರಿಯ ಜಿಡ್ಡಿನ ಕಲೆಗಳನ್ನು ದೀಪಕ್ಕೆ ಹಿಡಿದು ನೋಡಿದ್ದರು. "ಇದನ್ನ ಒಗೆಯೋಕೆ ಹಾಕಬೇಡ. ಇದು ಸಾಕ್ಷಿ." ಆ ರಾತ್ರಿ ಇನ್ನೊಂದು ಸಲ ಬಡಿಸಿಕೊಂಡು ಉಂಡಿದ್ದರು. ಅವಳು ಅಡುಗೆಮನೆಯ ಕತ್ತಲಲ್ಲಿ ನಿಂತು, ಒಬ್ಬ ಮನುಷ್ಯನ ಮೇಲಿನ ಸಿಟ್ಟು ಹೀಗೆ ಊಟವಾಗಬಲ್ಲದಲ್ಲ ಎಂದು ಬೆರಗಾಗಿದ್ದಳು. ತನಗೂ ಅಂಥ ಸಿಟ್ಟು ಬರಲಿ ಎಂದು ಕಾದಿದ್ದಳು. ಬಂದಿರಲಿಲ್ಲ.

ಹೊರಗೆ ಹೊರಟಾಗ ಬಾಗಿಲ ಮುಂದಿನ ಕಲೆಯನ್ನು ದಾಟಿದಳು. ಅವನ ಸ್ಕೂಟರ್ ನಿಲ್ಲುತ್ತಿದ್ದ ಜಾಗ. ಇಂಜಿನ್ನಿನಿಂದ ಎಣ್ಣೆ ತೊಟ್ಟಿಕ್ಕಿ ತಟ್ಟೆಯಗಲ ಕಪ್ಪಾಗಿತ್ತು. ರಿಪೇರಿ ಮಾಡಿಸು ಮಾರಾಯ ಎಂದು ಅವಳು ಗೋಗರೆದಾಗಲೆಲ್ಲ ಅವನು ಒಂದು ರಟ್ಟಿನ ತುಂಡು ತಂದು ಕೆಳಗೆ ತಳ್ಳುತ್ತಿದ್ದ. ರಟ್ಟು ಗಾಳಿಗೆ ಹಾರಿಹೋದರೆ, "ಇರಲಿ ಬಿಡು, ನಿನ್ನ ಬಾಟಲಿಗೆ ನನ್ನ ಕಾಣಿಕೆ," ಅನ್ನುತ್ತಿದ್ದ. ಅವನಿಗೆ ಅವಳ ಕೆಲಸವೇ ಒಂದು ತಮಾಷೆ. ಮಳೆ ಬಂದರೆ ಎಲ್ಲರ ಹೆಂಡಿರೂ ಒಳಗೆ ಓಡ್ತಾರೆ, ನನ್ನ ಹೆಂಡ್ತಿ ಮಾತ್ರ ಚರಂಡಿ ಕಡೆ ಓಡ್ತಾಳೆ ಎಂದು ಸ್ನೇಹಿತರ ಮುಂದೆ ಹೇಳುತ್ತಿದ್ದ. ಅದು ಸುಳ್ಳಲ್ಲ. ಚಾವಣಿ, ಅಂಗಳ, ರಸ್ತೆಗಳ ಮೇಲೆ ಬಿದ್ದ ಮಳೆ ಜಾಲರಿಗಳ ಮೂಲಕ ನೆಲದೊಳಗೆ ಇಳಿದು, ಎಲ್ಲೂ ಶುದ್ಧವಾಗದೆ, ಕೊನೆಗೊಂದು ದೊಡ್ಡ ಸಿಮೆಂಟಿನ ಬಾಯಿಂದ ನೇರ ಕೆರೆಗೆ ಬೀಳುತ್ತಿತ್ತು. ಆ ಬಾಯಿಯ ಹತ್ತಿರ ನಿಂತು ನೀರು ಹಿಡಿಯುವುದು ಅವಳ ಕೆಲಸ. ಅದರಲ್ಲೂ ಮೊದಲ ನೀರು. ಒಣಗಿದ ತಿಂಗಳುಗಳಲ್ಲಿ ಊರು ನೆಲದ ಮೇಲೆ ಬಿಟ್ಟದ್ದನ್ನೆಲ್ಲ ಮೊದಲ ನೀರು ಹೊತ್ತು ತರುತ್ತದೆ. ಆಮೇಲಿನದು ಬರೀ ಮಳೆ. ಮೊದಲ ನೀರು ತಪ್ಪಿದರೆ ಮತ್ತೆ ಯಾವಾಗಲೋ.

ಕಚೇರಿಯಲ್ಲಿ ಹಿರಿಯ ಅಧಿಕಾರಿ ಅವಳನ್ನು ಕಂಡೊಡನೆ ದನಿ ತಗ್ಗಿಸಿದರು. ಅವಳ ಮುಂದೆ ಈಗ ಎಲ್ಲರೂ ದನಿ ತಗ್ಗಿಸುತ್ತಿದ್ದರು. ನಗುತ್ತಿದ್ದವರು ಅವಳು ಒಳಗೆ ಬಂದರೆ ನಗುವನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ನೀವೇ ಹೋಗಬೇಕು ಅಂತೇನಿಲ್ಲಮ್ಮ. ಅದೇ ಜಾಗ. ಬೇರೆ ಯಾರನ್ನಾದ್ರೂ ಕಳಿಸ್ತೀನಿ," ಅಂದರು. ಹೋಗುತ್ತೇನೆ ಅಂದಳು. "ಇದೊಂದು ರಿಪೋರ್ಟ್ ಬಂದ್ರೆ ಲೈಸೆನ್ಸ್ ರದ್ದು ಮಾಡಿ ಕೈ ತೊಳ್ಕೋಬಹುದು. ಆದ್ರೆ ಆ ಮನುಷ್ಯ ನೀರು ಹಿಡಿಯೋದನ್ನ ನಾನೂ ಕಣ್ಣಾರೆ ನೋಡಬೇಕು ಅಂತ ಹಟ ಹಿಡಿದಿದಾನೆ. ಬೆಳಿಗ್ಗೆಯಿಂದ ಬಂದು ಕೂತಿದಾನೆ ನೋಡಿ."

ಗ್ಯಾರೇಜಿನವನು ಹೊರಗಿನ ಬೆಂಚಿನ ಮೇಲಿದ್ದ. ತಿಂಗಳುಗಳಿಂದ ಅವನು ಆ ಬೆಂಚಿಗೆ ಬರುತ್ತಿದ್ದ. ಅವಳು ಅವನನ್ನು ದೂರದಿಂದ ಮಾತ್ರ ಬಲ್ಲಳು: ಗಟ್ಟಿ ಗಂಟಲಿನಲ್ಲಿ ಗುಮಾಸ್ತನ ಜತೆ ಜಗಳ, ಬಾಗಿಲಾಚೆಯಿಂದ ಕೇಳುವ ದೂರು, ಅವಳು ಹಾದುಹೋದರೆ ಥಟ್ಟನೆ ಬೀಳುವ ಮೌನ. ಆ ಮೌನ ತನ್ನ ಮೇಲಿನ ದ್ವೇಷ ಎಂದುಕೊಂಡಿದ್ದಳು. ಈಗ ವ್ಯಾನಿನ ಹಿಂದಿನ ಸೀಟಿನಲ್ಲಿ ಬಾಟಲಿಗಳ ಪೆಟ್ಟಿಗೆ ಅವರಿಬ್ಬರ ನಡುವೆ ಇತ್ತು. ವ್ಯಾನ್ ಇಳಿಜಾರಿನ ರಸ್ತೆ ಹಿಡಿಯಿತು. ಗ್ಯಾರೇಜಿನ ಮುಚ್ಚಿದ ಷಟರ್. ಅದರ ಮೇಲೆ ಅಂಟಿಸಿದ ನೋಟಿಸ್. ಆಮೇಲೆ ತಿರುವು. ತಿರುವಿನ ತಡೆಗೋಡೆಯ ಮೇಲೆ ಒಂದು ಉದ್ದನೆಯ ಗೀರು, ಅದರ ಕೆಳಗೆ ಚರಂಡಿಯ ಜಾಲರಿ. ಅವಳು ಜಾಲರಿಯನ್ನಷ್ಟೇ ನೋಡಿದಳು. ನಕ್ಷೆಯಲ್ಲಿ ಅದಕ್ಕೊಂದು ಸಂಖ್ಯೆಯಿತ್ತು. ಅಲ್ಲಿ ಬಿದ್ದದ್ದೆಲ್ಲ ತನ್ನ ಸಿಮೆಂಟಿನ ಬಾಯಿಗೆ ಬರುತ್ತದೆ ಎಂಬುದು ಅವಳಿಗೆ ಮದುವೆಗೂ ಮೊದಲಿನಿಂದ ಗೊತ್ತಿತ್ತು. ಅಪಘಾತದ ದಿನ ರಸ್ತೆಯನ್ನು ತೊಳೆದವರು ಪೈಪಿನ ನೀರನ್ನು ಯಾವ ಕಡೆಗೆ ಬಿಟ್ಟಿರಬೇಕು ಎಂಬುದೂ ಗೊತ್ತಿತ್ತು. ಈ ಎರಡು ತಿಳಿವಳಿಕೆಗಳನ್ನು ಅವಳು ತಲೆಯ ಬೇರೆ ಬೇರೆ ಮೂಲೆಗಳಲ್ಲಿ ಇಟ್ಟುಕೊಂಡಿದ್ದಳು.

ಕೆರೆಯ ಅಂಚಿನಲ್ಲಿ ಗಾಳಿ ನಿಂತಿತ್ತು. ಸಿಮೆಂಟಿನ ಬಾಯಿ ಒಣಗಿತ್ತು. ತಳದಲ್ಲಿ ಬಿರುಕುಬಿಟ್ಟ ಕೆಸರು, ಸಿಗರೇಟಿನ ತುಂಡುಗಳು, ಒಂದು ಮಗುವಿನ ಚಪ್ಪಲಿ. ಅವಳು ಪೆಟ್ಟಿಗೆ ತೆರೆದು ಕೈಗವಸು ಹಾಕಿಕೊಂಡಳು. ಚಾಲಕ ವ್ಯಾನಿನಲ್ಲೇ ನಿದ್ದೆಗೆ ಜಾರಿದ. ಗ್ಯಾರೇಜಿನವನು ಒಂದು ಕಲ್ಲಿನ ಮೇಲೆ ಕೂತು ಸುಮ್ಮನಿರಲಾರದೆ ಮಾತು ಶುರುಮಾಡಿದ.

"ಎಣ್ಣೆ ಚೆಲ್ಲೋಕೆ ನನಗೇನು ತಲೆ ಕೆಟ್ಟಿದೆಯಾ ಮೇಡಂ? ಹಳೇ ಎಣ್ಣೆ ಕೊಳ್ಳೋಕೆ ಜನ ಕ್ಯೂ ನಿಂತಿರ್ತಾರೆ. ಒಂದು ಡಬ್ಬ ಚೆಲ್ಲಿದ್ರೆ ನನ್ನ ಹೆಂಡ್ತಿ ನನ್ನನ್ನೇ ಹಿಂಡಿ ವಾಪಸ್ ತೆಗೀತಾಳೆ."

ಅವಳು ಬಾಟಲಿಗಳ ಮೇಲೆ ತಾರೀಖು ಬರೆಯತೊಡಗಿದಳು.

"ಶನಿವಾರ ನೆಲ ತೊಳೀತೀನಿ, ಅದು ನಿಜ. ಸೋಪು ಹಾಕಿ. ಅದು ಜಾಲರಿಗೇ ಹೋಗತ್ತೆ. ಎಲ್ಲರೂ ಹಾಗೇ ಮಾಡೋದು, ನಾನೊಬ್ಬ ಹರಿಶ್ಚಂದ್ರ ಅಂತ ಹೇಳಲ್ಲ. ಆದ್ರೆ ನೀವು ಬರೆದಿರೋ ಅಷ್ಟು ಎಣ್ಣೆ ಬರಬೇಕಂದ್ರೆ ನಾನು ಅದರಲ್ಲಿ ಈಜು ಕಲೀಬೇಕಿತ್ತು."

ತನಗರಿವಿಲ್ಲದೆ ಅವಳ ತುಟಿ ಅಲುಗಿತು. ನಗು ಎಂದು ಹೆಸರಿಡುವಷ್ಟಿರಲಿಲ್ಲ, ಆದರೂ ನಾಚಿಕೆಯಾಗಿ ಮುಖ ತಿರುಗಿಸಿದಳು. ಕೆರೆಯ ಮೇಲೆ ಮೊದಲ ಹನಿಗಳು ಬಿದ್ದವು. ನೀರಿನ ಮೈಯ ಮೇಲೆ ಚುಕ್ಕೆ, ಚುಕ್ಕೆಯ ಸುತ್ತ ಉಂಗುರ. ಕಾದ ಮಣ್ಣಿನ ವಾಸನೆ ಎದ್ದಿತು. ಆ ದಿನವೂ ಹೀಗೇ. ಅಕಾಲದ ಮಳೆ ಅದು. ಅವನು ಬೆಳಿಗ್ಗೆ ಕನ್ನಡಿಯ ಮುಂದೆ ತಲೆ ಬಾಚುತ್ತ, "ಇವತ್ತು ನಿನ್ನ ಹಬ್ಬ," ಅಂದಿದ್ದ. ಹೊರಡುವ ಮೊದಲು ಕತ್ತಿನ ಹಿಂಬದಿಗೆ ಒಂದು ಮುತ್ತು ಕೊಟ್ಟಿದ್ದ, ಅತ್ತೆ ಪಕ್ಕದ ಕೋಣೆಯಲ್ಲಿದ್ದಾಗಲೇ. ಅವಳು ದಿನವಿಡೀ ಆ ಜಾಗವನ್ನು ಬೆರಳಿಂದ ಮುಟ್ಟಿ ನೋಡಿಕೊಂಡಿದ್ದಳು.

ಸಿಮೆಂಟಿನ ಬಾಯೊಳಗೆ ದೂರದಿಂದ ಸದ್ದು ಬಂತು, ಯಾರೋ ಗಂಟಲು ಸರಿಪಡಿಸಿಕೊಂಡ ಹಾಗೆ. ಆಮೇಲೆ ನೀರು ಬಂತು. ಮೊದಲು ಕಸದ ಒಂದು ನಾಲಿಗೆ: ಎಲೆ, ಪ್ಲಾಸ್ಟಿಕ್ಕು, ನಾಯಿಯ ಹೇಲು. ಅದರ ಹಿಂದೆ ಕಪ್ಪು. ಆ ಕಪ್ಪಿನಲ್ಲಿ ಏನೇನಿದೆ ಎಂದು ಅವಳು ತರಬೇತಿಗೆ ಬಂದವರಿಗೆ ಪಾಠ ಹೇಳಿದ್ದಳು. ಸವೆದ ಟೈರಿನ ಪುಡಿ, ಬ್ರೇಕಿನ ತಾಮ್ರ, ತಗಡಿನ ಚಾವಣಿಯ ಸತು, ಹೂದೋಟದ ಗೊಬ್ಬರ, ಕಾರು ತೊಳೆದ ನೊರೆ. ಎಲ್ಲದರ ಮೇಲೆ, ಕೈಗೆ ಸಿಗದ ಹಾಗೆ ತೇಲುವ, ಏಳು ಬಣ್ಣದ ಎಣ್ಣೆಯ ಪೊರೆ. ಇಂಥವರದ್ದು ಎಂದು ಬೆರಳು ಮಾಡಲಾಗದ್ದು. ಅವಳು ಬಾಗಿ ಪ್ಲಾಸ್ಟಿಕ್ ಬಾಟಲಿಯನ್ನು ನೀರಿಗಿಳಿಸಿದಳು. ತುಂಬಿ, ಕುಲುಕಿ, ಚೆಲ್ಲಿದಳು. ಮತ್ತೆ ತುಂಬಿ, ಕುಲುಕಿ, ಚೆಲ್ಲಿದಳು. ಇನ್ನೊಮ್ಮೆ. ಲೋಹಗಳನ್ನು ಅಳೆಯುವ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದ ಮೇಲೇ ಹಿಡಿಯಬೇಕು. ಹಿಡಿದು, ಮುಚ್ಚಳ ಬಿಗಿದು, ಪೆಟ್ಟಿಗೆಯಲ್ಲಿಟ್ಟಳು. ಗಾಜಿನ ಬಾಟಲಿಯನ್ನು ಎತ್ತಿಕೊಂಡಳು. ಅದು ಎಣ್ಣೆಗೆ. ಕೈ ಅದನ್ನು ನೀರಿನತ್ತ ಒಯ್ದಿತು. ಮಣಿಕಟ್ಟು ತನ್ನಷ್ಟಕ್ಕೆ ತಾನೇ, ಕುಲುಕಲು ಸಿದ್ಧವಾಗಿ, ಒಂದಿಷ್ಟು ತಿರುಗಿತು. ಅವಳು ತಡೆದಳು. ಎಣ್ಣೆಯ ಬಾಟಲಿಯನ್ನು ತೊಳೆಯಬಾರದು. ತೊಳೆದರೆ ಪ್ರತಿ ಸಲವೂ ಎಣ್ಣೆ ಗಾಜಿಗೆ ಅಂಟಿ ಉಳಿಯುತ್ತದೆ. ಆಮೇಲೆ ಪ್ರಯೋಗಾಲಯದಲ್ಲಿ ಆ ಅಂಟಿದ್ದೆಲ್ಲ ಲೆಕ್ಕಕ್ಕೆ ಬಂದು, ಇಲ್ಲದ ಎಣ್ಣೆ ಇದೆ ಎಂದಾಗುತ್ತದೆ. ಇದು ಮೊದಲ ಪಾಠ.

ತಡೆದ ಕೈ ತಡೆದಲ್ಲೇ ನಿಂತಿತು. ಆ ತಿರುವು ಮಣಿಕಟ್ಟಿಗೆ ಹೊಸದಾಗಿರಲಿಲ್ಲ.

ಆ ದಿನ ಅವಳು ಹಾಡು ಗುನುಗುತ್ತಿದ್ದಳು. ಮಳೆ ಸಿಕ್ಕಿತ್ತು, ಮೊದಲ ನೀರು ಸಿಕ್ಕಿತ್ತು, ಕತ್ತಿನ ಹಿಂದೆ ಆ ಜಾಗ ಇನ್ನೂ ಬೆಚ್ಚಗಿತ್ತು. ಗಾಜಿನ ಬಾಟಲಿಯನ್ನು ಹಾಡಿನ ತಾಳಕ್ಕೆ ಕುಲುಕಿ ಚೆಲ್ಲಿದ್ದಳು. ಗಾಜಿನ ಒಳಗೋಡೆಯ ಮೇಲೆ ಏಳು ಬಣ್ಣ ಇಳಿಯುವುದನ್ನು ಚೆಂದವಾಗಿದೆ ಎಂದು ನೋಡಿದ್ದಳು. ನೋಡಿದ್ದು ಹೇಗೆ? ತೊಳೆಯದಿದ್ದರೆ ಖಾಲಿ ಬಾಟಲಿಯ ಒಳಗೆ ಬಣ್ಣ ಇಳಿಯುವುದು ಹೇಗೆ? ಮತ್ತೆ ತುಂಬಿ ಚೆಲ್ಲಿದ್ದಳು. ಮತ್ತೆ. ಕೊನೆಗೆ ತುಂಬಿ ಮುಚ್ಚಳ ಹಾಕುವಾಗ ಫೋನು ಬಡಿದುಕೊಂಡಿತ್ತು. ಪರದೆಯ ಮೇಲೆ ಅವನ ಹೆಸರು. ಒದ್ದೆ ಕೈಯಲ್ಲೇ ಎತ್ತಿ, "ಏನೋ, ಈಗ್ಲೇ ನೆನಪಾಯ್ತಾ?" ಅಂದಿದ್ದಳು. ಆ ಕಡೆ ಮಳೆಯ ಸದ್ದು. ಅವನದಲ್ಲದ ಒಂದು ತಗ್ಗಿದ ದನಿ: "ಮೇಡಂ, ಗಾಬರಿ ಆಗ್ಬೇಡಿ."

ಬಾಟಲಿಗಳನ್ನು ಚಾಲಕ ಒಯ್ದು ಕೊಟ್ಟಿದ್ದ. ಬೇರೆಯವರು ಪರೀಕ್ಷಿಸಿದ್ದರು. ಸಂಖ್ಯೆ ಬಂದಿತ್ತು. ನೋಟಿಸ್ ಹೋಗಿತ್ತು. ಅತ್ತೆ ಉಂಡಿದ್ದರು.

ಕಾಲಡಿಯ ಒಂದು ಮೆಟ್ಟಿಲು ಇಲ್ಲವಾದ ಹಾಗೆ ಆಯಿತು. ಅವಳು ಬೀಳಲಿಲ್ಲ, ನೀರು ಪಾದದ ಮೇಲೆ ಹರಿಯುತ್ತಿದ್ದರೂ ತಿಳಿಯದೆ ನಿಂತಿದ್ದಳು. ದುಃಖದಲ್ಲಿ ಆದ ತಪ್ಪಾಗಿದ್ದರೆ ಜನ ಅದಕ್ಕೊಂದು ಚಾದರ ಹೊದಿಸುತ್ತಿದ್ದರು. ಇದು ಫೋನು ಬರುವ ಮೊದಲಿನದು. ಇದು ಸುಖದಲ್ಲಿ ಆದದ್ದು.

"ಮೇಡಂ." ಗ್ಯಾರೇಜಿನವನು ಎದ್ದು ಬಂದಿದ್ದ. ಅವನ ಗಂಟಲು ತಗ್ಗಿತ್ತು. "ಗಾಬರಿ ಆಗ್ಬೇಡಿ. ಕೂತ್ಕೊಳ್ಳಿ ಸ್ವಲ್ಪ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಕಚೇರಿಯ ಬೆಂಚಿನಿಂದ ಕೇಳುತ್ತಿದ್ದ ಆ ಗಟ್ಟಿ ಗಂಟಲಿನ ಕೆಳಗೆ ಈ ದನಿ ಇತ್ತೆಂದು ಗೊತ್ತಿರಲಿಲ್ಲ. ಮಳೆಯ ಸದ್ದು ಅದರ ಸುತ್ತ ಇದ್ದದ್ದರಿಂದ ಈಗ ಗುರುತು ಹತ್ತಿತು. ಮೊದಲು ಗಾಜಿನ ಬಾಟಲಿಯನ್ನು ಒಂದೇ ಸಲಕ್ಕೆ, ತೊಳೆಯದೆ, ತುಂಬಿ ಮುಚ್ಚಿದಳು. ಮುಚ್ಚಳದ ತಿರುಪು ಸರಿಯಾಗಿ ಕೂರಲಿಲ್ಲ. ಅವನು ಕೈ ಚಾಚಿದ, ಅವಳು ಕೊಡಲಿಲ್ಲ. ಆಮೇಲೆ ಅವನ ಎದುರಿಗೇ ಅಧಿಕಾರಿಗೆ ಫೋನು ಮಾಡಿ, ಆ ದಿನದ ಎಣ್ಣೆಯ ಬಾಟಲಿಯನ್ನು ತಾನು ತೊಳೆದಿದ್ದೆ, ಆ ಸಂಖ್ಯೆ ತಪ್ಪು ಎಂದಳು. "ಅಯ್ಯೋ, ಆ ದಿನ ನಿಮ್ಮ ಪರಿಸ್ಥಿತಿ..." ಎಂದು ಅವರು ಶುರುಮಾಡಿದರು.

"ಅಲ್ಲ ಸಾರ್. ಅದಕ್ಕೂ ಮೊದಲು. ಆಗ ನಾನು ಚೆನ್ನಾಗಿದ್ದೆ."

"ಇರಲಿ ಬಿಡಿ, ಯಾರೂ ಕೇಳಲ್ಲ. ಇವತ್ತಿನದ್ದು ನೋಡಿ ಸದ್ದಿಲ್ದೆ ಸರಿಮಾಡೋಣ."

"ಅವರು ಇಲ್ಲೇ ಇದಾರೆ ಸಾರ್. ಕೇಳಿಸ್ಕೊಂಡ್ರು."

ಗ್ಯಾರೇಜಿನವನು ಕುಣಿದಾಡಲಿಲ್ಲ. ಮುಖ ಕೆಂಪಗಾಗಿ, ಕೆರೆಯ ಕಡೆ ತಿರುಗಿ, ಮತ್ತೆ ಇವಳ ಕಡೆ ತಿರುಗಿದ. "ತೊಳೆದ್ರಿ," ಅಂದ. "ಬಾಟಲಿ ತೊಳೆದ್ರಿ. ಒಳ್ಳೇದಾಯ್ತು. ನನ್ನ ಕೆಲಸದವರು ಇಬ್ಬರೂ ಬೇರೆ ಕಡೆ ಸೇರ್ಕೊಂಡ್ರು. ಮಗಳು ಸ್ಕೂಲಲ್ಲಿ, ನಿಮ್ಮಪ್ಪ ಜನರನ್ನ ಜಾರಿಸಿ ಬೀಳಿಸ್ತಾನಂತೆ ಅನ್ನೋ ಮಾತು ಕೇಳಿಸ್ಕೊಂಡು ಬಂದ್ಲು. ನಾನೇ ಒಂದೊಂದ್ಸಲ ರಾತ್ರಿ ಎದ್ದು, ನಿಜವಾಗ್ಲೂ ಎಲ್ಲಾದ್ರೂ ಚೆಲ್ಲಿದ್ನಾ ಅಂತ ಯೋಚನೆ ಮಾಡಿದೀನಿ. ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತಲ್ರೀ!"

ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡಳು. ಇಷ್ಟು ತಿಂಗಳಲ್ಲಿ ಮೊದಲ ಸಲ ಒಬ್ಬರು ಅವಳ ಮುಂದೆ ದನಿ ಎತ್ತಿದ್ದರು. ಅದು ನೋಯುತ್ತಿತ್ತು, ನೋಯುತ್ತಿದೆ ಎಂಬುದೇ ಆಶ್ಚರ್ಯವಾಗಿತ್ತು. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಕೇಳಿದಳು.

"ಅವತ್ತು ಫೋನ್ ಮಾಡಿದ್ದು ನೀವಾ?"

ಅವನು ತನ್ನ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡು ಪ್ಯಾಂಟಿಗೆ ಒರೆಸಿದ, ಅಲ್ಲಿ ಒರೆಸಲು ಮಳೆ ಬಿಟ್ಟರೆ ಏನೂ ಇರಲಿಲ್ಲ.

"ಸದ್ದು ಕೇಳಿ ಓಡಿ ಬಂದೆ. ಕೈಯೆಲ್ಲ ಗ್ರೀಸು. ತೊಳ್ಕೊಂಡು ಬಂದು ಮುಟ್ಟೋಣ ಅಂದ್ರೆ ಪುರುಸೊತ್ತೆಲ್ಲಿತ್ತು? ಹಾಗೇ ಎತ್ತಿ ನನ್ನ ಗಾಡಿಯಲ್ಲಿ ಮಲಗಿಸಿದೆ. ಅಂಗಿ ಹಾಳಾಯ್ತಲ್ಲ ಅಂತ ಆಮೇಲೆ ಅನ್ನಿಸ್ತು. ನೋಡಿ, ಎಂಥಾ ಹೊತ್ತಲ್ಲಿ ಎಂಥಾ ಯೋಚನೆ."

"ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿಮ್ಮ ಯಜಮಾನ್ರನ್ನ ಎತ್ತಿದೀನಿ, ನನ್ನ ಬೀಗ ತೆಗೀರಿ ಅಂತಲಾ?" ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಾಲ್ಕು ಸಲ ಬಾಯಿಗೆ ಬಂದಿತ್ತು. ನೀವು ಹಾದು ಹೋಗೋವಾಗೆಲ್ಲ ನುಂಗಿದೆ."

ವ್ಯಾನು ಅವಳನ್ನು ಮನೆಯ ಹತ್ತಿರ ಇಳಿಸಿದಾಗಲೂ ಮಳೆ ಸುರಿಯುತ್ತಿತ್ತು. ಬಾಗಿಲ ಮುಂದೆ ಸ್ಕೂಟರಿನ ಕಲೆ ಅಂಚಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು. ತಿಂಗಳುಗಟ್ಟಲೆ ಒಣಗಿ ಕೂತದ್ದು ಈಗ ಸಣ್ಣ ಬಣ್ಣದ ಎಳೆಯಾಗಿ ಗೇಟಿನ ಕೆಳಗೆ ನುಸುಳಿ ಬೀದಿಯ ನೀರಿಗೆ ಸೇರುತ್ತಿತ್ತು. ಅವನ ಕಾಣಿಕೆ. ಅದನ್ನು ತಡೆಯಬೇಕೋ ಬಿಡಬೇಕೋ ತಿಳಿಯದೆ ಅವಳು ಮೆಟ್ಟಿಲ ಮೇಲೆ ನೋಡುತ್ತ ನಿಂತಳು. ಒಳಗೆ ಹೇಳದಿದ್ದರೂ ನಡೆಯುತ್ತದೆ. ಷಟರ್ ತೆರೆದರೆ ತೆರೆಯಲಿ, ಲಂಚ ಕೊಟ್ಟ ಎಂದು ಅತ್ತೆ ಶಪಿಸುತ್ತಾರೆ, ಶಪಿಸುತ್ತ ಉಣ್ಣುತ್ತಾರೆ. ಬಾಗಿಲು ಒಳಗಿನಿಂದ ತೆರೆಯಿತು. ಅತ್ತೆ ಟವೆಲ್ ಹಿಡಿದು ನಿಂತಿದ್ದರು.

"ನೆನೆದು ತೊಪ್ಪೆ ಆಗಿದೀಯ. ಒಳಗೆ ಬಾ. ಅವನೇ ತಾನೆ?"

"ಅಲ್ಲ ಅತ್ತೆ."

ಹೇಳಿದಳು. ಬಾಟಲಿ, ಮಣಿಕಟ್ಟು, ಗುನುಗುತ್ತಿದ್ದ ಹಾಡು. ಅತ್ತೆ ಟವೆಲನ್ನು ಅವಳಿಗೆ ಕೊಡುವುದನ್ನು ಮರೆತು ತಮ್ಮ ಎದೆಗೇ ಹಿಡಿದುಕೊಂಡಿದ್ದರು.

"ಹಾಗಾದ್ರೆ ಯಾರು?"

"ಎಲ್ಲರೂ. ಆ ರಸ್ತೆಯಲ್ಲಿ ಓಡಾಡೋ ಎಲ್ಲ ಗಾಡಿಗಳೂ. ಒಂದೊಂದು ತೊಟ್ಟು. ನಮ್ಮ ಸ್ಕೂಟರೂ."

"ಎಲ್ಲರೂ ಅಂದ್ರೆ ಯಾರೂ ಅಲ್ಲ ಅಂದ ಹಾಗಾಯ್ತು." ಅತ್ತೆಯ ದನಿ ಒಡೆಯಿತು. "ಯಾರೂ ಅಲ್ಲದೆ ನನ್ನ ಮಗ ಹೇಗೆ ಹೋದ? ನೀನು ಯಾಕಾದ್ರೂ ನೆನಪು ಮಾಡ್ಕೊಂಡೆಯೇ? ಅಷ್ಟು ದಿನ ಮರೆತಿದ್ದೋಳು ಇನ್ನಷ್ಟು ದಿನ ಮರೆತಿರೋಕೆ ಆಗ್ತಿರ್ಲಿಲ್ವಾ?"

ಅತ್ತೆ ಕೋಣೆಗೆ ಹೋಗಿ ಚೀಲ ತಂದು, ಅಂಗಿಯನ್ನು ಊಟದ ಮೇಜಿನ ಮೇಲೆ ಅಂಗಾತ ಹರಡಿದರು. ತಿಳಿನೀಲಿ ಬಣ್ಣ. "ಇದು? ಇದಕ್ಕೇನಂತೀಯ? ಇದೂ ನೀನು ಬಾಟಲಿ ತೊಳೆದದ್ದಕ್ಕೆ ಬಂತಾ?"

ಕಲೆಗಳು ಅಲ್ಲೇ ಇದ್ದವು. ಇಷ್ಟು ದಿನ ಅವಳೂ ಅವನ್ನು ರಸ್ತೆ ಬಿಟ್ಟ ಗುರುತು ಎಂದೇ ನೋಡಿದ್ದಳು. ರಸ್ತೆ ಹಾಗೆ ಗುರುತು ಬಿಡುವುದಿಲ್ಲ. ಎರಡೂ ಕಂಕುಳ ಕೆಳಗೆ, ಎಡಕ್ಕೊಂದು ಬಲಕ್ಕೊಂದು. ಮುಂದೆ ಹೆಬ್ಬೆರಳು. ಮಗ್ಗುಲಿನಿಂದ ಬೆನ್ನಿಗೆ ಸುತ್ತಿದ ನಾಲ್ಕು ಬೆರಳು.

"ಅವರು ಎತ್ತಿದ್ದು ಅತ್ತೆ. ಗ್ಯಾರೇಜಿನವರು. ಕೈ ತೊಳ್ಕೊಳ್ಳೋಕೆ ಹೊತ್ತಿರ್ಲಿಲ್ವಂತೆ."

ಅತ್ತೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಎರಡು ಕೈಗಳನ್ನು ಅಂಗಿಯ ಎರಡು ಬದಿಗೆ ತಂದು, ಹೆಬ್ಬೆರಳುಗಳನ್ನು ಆ ಹೆಬ್ಬೆರಳುಗಳ ಮೇಲಿಟ್ಟು, ಉಳಿದ ಬೆರಳುಗಳನ್ನು ಬೆನ್ನ ಕೆಳಗೆ ತೂರಿಸಿದರು. ತೊಟ್ಟಿಲಿನಿಂದ ಎತ್ತುವಾಗ ಹಿಡಿಯುವ ಹಾಗೆ. ಗುರುತುಗಳು ಅವರ ಬೆರಳುಗಳಿಗಿಂತ ದಪ್ಪವಾಗಿದ್ದವು. ಜಾಗ ಮಾತ್ರ ಅದೇ. ಅವರು ಎತ್ತಿದರು. ಅಂಗಿ ಮೇಜಿನಿಂದ ಮೇಲೆದ್ದು, ತೋಳುಗಳು ಎರಡು ಕಡೆ ಜೋತುಬಿದ್ದು, ಅವರ ಮುಖದ ಮಟ್ಟಕ್ಕೆ ಬಂತು. ಅವಳು ಗೋಡೆಗೆ ಬೆನ್ನು ಕೊಟ್ಟಳು. ಗಂಟಲಿನಿಂದ ಒಂದು ಸದ್ದು ಹೊರಬಂತು. ಅದು ತನ್ನದು ಎಂದು ಅವಳಿಗೆ ತಕ್ಷಣ ತಿಳಿಯಲಿಲ್ಲ.

"ಭಾರ ಆಯ್ತಂತಾ ಅವನಿಗೆ?" ಅತ್ತೆ ಅಂಗಿಯನ್ನು ಕೆಳಗಿಡದೆ ಕೇಳಿದರು. "ಇವನು ಹುಟ್ಟಿದಾಗಿಂದ ಭಾರ."

"ಕೇಳ್ಲಿಲ್ಲ ಅತ್ತೆ."

"ಕೇಳ್ಕೊಂಡು ಬಾ," ಅಂದರು ಅತ್ತೆ. "ಹೋಗು. ಇವನು ಏನಾದ್ರೂ ಮಾತಾಡಿದ್ನಾ ಅಂತಾನೂ ಕೇಳು."